ತೋಳದ ವ್ಯಾಜ್ಯ

ನಮ್ಮ ಶಾಲೆಯಲ್ಲಿ ಬಹುಕಾಲ ವ್ಯಾಕರಣ ಕಲಿಸಿದವನೆಂಬ ಕಾರಣಕ್ಕೆ, ಅಮೆರಿಕದಲ್ಲಿ ಮಗನ ಮನೆಗೆ ಹೋಗಿದ್ದಾಗ ಮೊಮ್ಮಗನ ಆಟವೊಂದರ ತೀರ್ಪು ನನ್ನ ಪಾಲಿಗೆ ಬಂದಿತು. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಅದು. ಮೇಜಿನ ಸುತ್ತ ಕುಳಿತು, ದಾಳ ಉರುಳಿಸುತ್ತ, ಒಬ್ಬೊಬ್ಬರೂ ಒಂದೊಂದು ಪಾತ್ರವಾಗುವ ಆಟ. ಹುಡುಗರು ಅನುಸರಿಸುತ್ತಿದ್ದುದು 2003ರ ಪರಿಷ್ಕೃತ ನಿಯಮಗಳನ್ನು.

ಮೊಮ್ಮಗನು ಡ್ರೂಯಿಡ್ ಎಂಬ ವನಮಾಂತ್ರಿಕ. ಅವನ ಒಡನಾಡಿ ಒಂದು ತೋಳ. ಮೈಯನ್ನು ಮರದ ತೊಗಟೆಯಂತೆ ಗಡುಸಾಗಿಸುವ ಮಂತ್ರವನ್ನು ತನಗೆ ಹಾಕಿಕೊಂಡು, ಬಳಿಯಿದ್ದ ತೋಳಕ್ಕೂ ಹಂಚಿದ್ದನು. ಹಂಚಲು ಅದು ಐದು ಅಡಿಯೊಳಗಿರಬೇಕು. ಹಲಗೆಯ ಮೇಲೆ ಅದು ಒಂದೇ ಚೌಕ. ತೋಳವು ಶತ್ರುವನ್ನು ಕಚ್ಚಲು ಮೂರು ಚೌಕ ಆಚೆ ಹೋಗಿ ಮರಳಿತು. ಆಮೇಲೆ, ತೊಗಟೆಯಿದ್ದರೆ ತಪ್ಪುತ್ತಿದ್ದ ಏಟೊಂದು ಬಿದ್ದಿತು.

“ಮಂತ್ರದ ಅವಧಿ ಮುಗಿದಿಲ್ಲ ಅಜ್ಜಾ, ಅದು ತಿರುಗಿ ಬಂದಿದೆಯಲ್ಲ!”

ನಿಯಮದ ವಾಕ್ಯವನ್ನು ಮೂರು ಸಲ ಓದಿದೆನು. ಸಂದೇಹಕ್ಕೆ ಎಡೆಯಿದ್ದರೆ ಹುಡುಗನ ಕಡೆಗೇ ವಾಲುತ್ತಿದ್ದೆನೇನೋ. ಇರಲಿಲ್ಲ: ಐದು ಅಡಿ ಮೀರಿದೊಡನೆ ಫಲ ನಿಲ್ಲುವುದು, ಅವಧಿಯೊಳಗೆ ಮರಳಿದರೂ ಮತ್ತೆ ತಗುಲದು. ಮಂತ್ರವನ್ನು ನೇರವಾಗಿ ತೋಳಕ್ಕೇ ಹಾಕಿದ್ದರೆ ಎಷ್ಟು ದೂರ ಹೋದರೂ ಉಳಿಯುತ್ತಿತ್ತು. ಒಂದರಲ್ಲಿ ಎರಡನ್ನು ಸಾಧಿಸಹೋಗಿದ್ದನು.

ತೋಳ ಸತ್ತಿತು. ಆ ರಾತ್ರಿ ಅವನು ಊಟಕ್ಕೆ ಬರಲಿಲ್ಲ. ಇಪ್ಪತ್ತನಾಲ್ಕು ಗಂಟೆಗಳ ಪ್ರಾರ್ಥನೆಯಿಂದ ಬೇರೊಂದು ಒಡನಾಡಿಯನ್ನು ಪಡೆಯಬಹುದೆಂದು ಅದೇ ಪುಸ್ತಕದಲ್ಲಿದ್ದುದನ್ನು ಮರುದಿನ ತೋರಿಸಿದೆನು. ಓದಿ ಪುಸ್ತಕ ಮುಚ್ಚಿದನು.

“ಅದು ಬೇರೆ ತೋಳ, ಅಜ್ಜಾ.”