ಎರಡು ಲಕ್ಷ ಬಿಟ್ಟು ಹನ್ನೊಂದು!

741 ಅನ್ನೋ ಆಪ್-ಆಂಪ್ ಐಸಿ ಡೇಟಾಶೀಟ್ ನೋಡಿ. ಗೇನ್ ಸುಮಾರು ಎರಡು ಲಕ್ಷ ಪಟ್ಟು ಅಂತಿರತ್ತೆ. ಕೂಡ್ಲಿಗಿ ಹತ್ರ ಹೊಸಹಳ್ಳಿಯಲ್ಲಿರೋ ನಮ್ಮಕ್ಕನ ಮಗ ಡಿಪ್ಲೊಮಾ ಹುಡುಗ, ಓದಿದ್ದೆಲ್ಲ ಕನ್ನಡ ಮೀಡಿಯಂ. ಇಂಗ್ಲಿಷ್ ಪುಸ್ತಕದ ಸೂತ್ರಗಳನ್ನ ಹಾಗೇ ಬಾಯಿಪಾಠ ಮಾಡಿದ್ದ. ಆದ್ರೆ ಕೇಳಿದ ಪ್ರಶ್ನೆ ಚೆನ್ನಾಗಿತ್ತು: "ಅಷ್ಟು ಗೇನ್ ಬಿಟ್ಟು ಬರೀ ಹನ್ನೊಂದು ಯಾಕ್ ತಗೋಬೇಕು ಮಾವ?"

ಯಾಕಂದ್ರೆ ಆ ಎರಡು ಲಕ್ಷವನ್ನ ನಂಬೋ ಹಾಗಿಲ್ಲ. ಒಂದು ಐಸಿಯಲ್ಲಿ ಅಷ್ಟಿದ್ರೆ ಇನ್ನೊಂದರಲ್ಲಿ ಅರ್ಧ. ಬಳ್ಳಾರಿ ಸೀಮೆ ಬಿಸಿಲಿಗೆ ಮತ್ತೊಂದು! ಔಟ್‌ಪುಟ್‌ನ ಹನ್ನೊಂದರಲ್ಲಿ ಒಂದು ಪಾಲನ್ನ 10ಕೆ, 1ಕೆ ರೆಸಿಸ್ಟರ್ ಹಾಕಿ ಮೈನಸ್ ಕಾಲಿಗೆ ವಾಪಸ್ ಕೊಡಿ. ಔಟ್‌ಪುಟ್ ಜಾಸ್ತಿಯಾದ್ರೆ ತನ್ನನ್ನ ತಾನೇ ಕೆಳಗೆಳೆಯತ್ತೆ, ಕಮ್ಮಿಯಾದ್ರೆ ಮೇಲಕ್ಕೆ. ಅವನ ಕೈಲೇ ಲೆಕ್ಕ ಹಾಕಿಸ್ದೆ: ಎರಡು ಲಕ್ಷಕ್ಕೆ 10.9994, ಒಂದು ಲಕ್ಷಕ್ಕೆ ಇಳಿದ್ರೂ 10.9988. ಔಟ್‌ಪುಟ್ ರೆಸಿಸ್ಟೆನ್ಸ್ ಅಂತೂ 75 ಓಮ್‌ನಿಂದ ಸುಮಾರು 0.004ಕ್ಕೆ. (ಇದು ಡಿಸಿಯಲ್ಲಿ ಮಾತ್ರ ಕಣ್ರೀ, ಫ್ರೀಕ್ವೆನ್ಸಿ ಏರಿದ ಹಾಗೆ ಈ ಸುಖ ಕರಗತ್ತೆ.)

ಹುಡುಗನ ಅನುಮಾನ ಹೊಸದೇನಲ್ಲ. ಬೆಲ್ ಲ್ಯಾಬ್ಸ್‌ನ ಹೆರಾಲ್ಡ್ ಬ್ಲ್ಯಾಕ್ 1927ರ ಆಗಸ್ಟ್‌ನಲ್ಲಿ ಕೆಲಸಕ್ಕೆ ಹೋಗ್ತಾ, ಹಡ್ಸನ್ ನದಿ ದಾಟೋ ಫೆರಿಯಲ್ಲಿ ನ್ಯೂಸ್‌ಪೇಪರ್ ಹಾಳೆ ಮೇಲೇ ಇದನ್ನ ಗೀಚಿಕೊಂಡಿದ್ದ. ಗೇನ್ ಕಳ್ಕೊಳ್ಳೋ ಆಂಪ್ಲಿಫೈಯರ್ ಅಂದ್ರೆ ಪೇಟೆಂಟ್ ಆಫೀಸಿನವರಿಗೂ ನಂಬಿಕೆ ಬರಲಿಲ್ಲ. ಪೇಟೆಂಟ್ ಕೈಗೆ ಸಿಕ್ಕಿದ್ದು 1937ರಲ್ಲಿ.