ಬಾಗಿಲು ಹಾಕಿಕೊಂಡ ಊರು

ಇಂಗ್ಲೆಂಡಿನ ಹಳ್ಳಿಯೆಂದೊಡನೆ ನಮ್ಮ ಕಣ್ಣ ಮುಂದೆ ಬಂದು ನಿಲ್ಲುವುದು ಬಿಸ್ಕತ್ತಿನ ಡಬ್ಬಿಯ ಮೇಲಿನ ಚಿತ್ರ: ಗುಲಾಬಿಬಳ್ಳಿ ಹಬ್ಬಿದ ಪುಟ್ಟ ಕಲ್ಲುಮನೆ, ಅದರ ಹಿಂದೆ ಹಸುರು ಬಯಲು, ಬಯಲಿನಾಚೆ ಇಗರ್ಜಿಯ ಗೋಪುರ. ಡಾರ್ಬಿಷೈರ್ ಸೀಮೆಯ ಈಮ್ ಎಂಬ ಹಳ್ಳಿಯನ್ನು ಕಾಣುವವರೆಗೆ ನನ್ನ ಕಲ್ಪನೆಯೂ ಇದಕ್ಕಿಂತ ಬೇರೆಯಾಗಿರಲಿಲ್ಲ. ಆ ಚಿತ್ರದಲ್ಲಿರುವುದೆಲ್ಲವೂ ಈಮ್‌ನಲ್ಲಿ ಉಂಟು. ಆದರೆ ಗುಲಾಬಿ ಹಬ್ಬಿದ ಆ ಮನೆಗಳ ಮುಂದೆ ಒಂದೊಂದು ಹಸುರು ಫಲಕವೂ ಉಂಟು. ಹತ್ತಿರ ಹೋಗಿ ಓದಿದರೆ, ಆ ಮನೆಯಲ್ಲಿ ಪ್ಲೇಗಿನಿಂದ ಸತ್ತವರ ಹೆಸರುಗಳು, ಸತ್ತ ತಾರೀಖುಗಳು. ಮುನ್ನೂರ ಅರವತ್ತು ವರ್ಷಗಳ ಹಿಂದಿನ ಸಾವನ್ನು ಊರಿನವರು ಇನ್ನೂ ಬಾಗಿಲಲ್ಲೇ ಇಟ್ಟುಕೊಂಡಿದ್ದಾರೆ.

ಷೆಫೀಲ್ಡ್ ನಗರದಿಂದ ಬಸ್ಸು ಹಿಡಿದು ಹೊರಟರೆ ಅರ್ಧ ಗಂಟೆಯೊಳಗೆ ಮನೆಗಳ ಸಾಲು ಮುಗಿದು ಬೋಳುಗುಡ್ಡಗಳ ಸೀಮೆ ತೆರೆದುಕೊಳ್ಳುತ್ತದೆ. ನಾನು ಹೋದದ್ದು ಆಗಸ್ಟ್ ಕೊನೆಯಲ್ಲಿ. ಗುಡ್ಡಗಳ ಮೇಲೆಲ್ಲ ಹೀದರ್ ಎಂಬ ಪೊದೆಗಿಡ ಹೂಬಿಟ್ಟು, ನೇರಳೆ ಬಣ್ಣದ ಜಮಖಾನೆ ಹಾಸಿದಂತಿತ್ತು. ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲನ್ನು ಕೂರಿಸಿ ಕಟ್ಟಿದ ಗೋಡೆಗಳು ಇಳಿಜಾರುಗಳನ್ನು ಚೌಕ ಚೌಕವಾಗಿ ಸೀಳಿದ್ದವು. ಕಂಡಕ್ಟರೇ ಇಲ್ಲದ ಬಸ್ಸಿನ ಚಾಲಕನಿಗೆ ನಾನು ಅಕ್ಷರವಿದ್ದಂತೆ ‘ಎಯಾಮ್’ ಎಂದು ಹೇಳಿದಾಗ, ಹಿಂದಿನ ಆಸನದಲ್ಲಿದ್ದ ವೃದ್ಧೆಯೊಬ್ಬಳು ಮೆಲ್ಲಗೆ ನಕ್ಕು, “ಈಮ್ ಎನ್ನಬೇಕು ಸ್ವಾಮಿ. ನೀವು ಹೇಳಿದಂತೆ ಹೇಳಿದರೆ ಊರಿಗೆ ಸಿಟ್ಟು ಬರುತ್ತದೆ” ಎಂದಳು. ಇಂಗ್ಲಿಷರು ಬರೆಯುವುದೊಂದು, ನುಡಿಯುವುದೊಂದು ಎಂಬುದನ್ನು ಶಾಲೆಯಲ್ಲಿ ಬೆತ್ತದ ಏಟು ತಿಂದು ಕಲಿತವನಿಗೆ ಆಶ್ಚರ್ಯವೇನೂ ಆಗಲಿಲ್ಲ.

ಊರು ಚಿಕ್ಕದು. 2011ರ ಜನಗಣತಿಯಲ್ಲಿ 969 ಮಂದಿ. ಒಂದು ಕಾಲಕ್ಕೆ ಈ ಸೀಮೆಯವರ ಮುಖ್ಯ ಕಸುಬು ನೆಲವನ್ನು ತೋಡಿ ಸೀಸ ತೆಗೆಯುವುದಾಗಿದ್ದಿತು. ಉಳಿದವರು ಕುರಿ ಸಾಕಿದರು. ಇಗರ್ಜಿಯ ಅಂಗಳದಲ್ಲಿ ಎಂಟನೆಯ ಶತಮಾನದ್ದೆನ್ನುವ ಕಲ್ಲಿನ ಶಿಲುಬೆಯೊಂದಿದೆ. ಇಗರ್ಜಿಯ ಗೋಡೆಯಲ್ಲಿ 1775ರ ನೆರಳುಗಡಿಯಾರವಿದೆ. ಆ ಕಾಲದಲ್ಲಿ ಹೆಸರು ಮಾಡಿದ ಕವಯಿತ್ರಿ ಆನಾ ಸ್ಯೂವರ್ಡ್ ಹುಟ್ಟಿದ್ದು 1742ರಲ್ಲಿ ಈ ಊರಲ್ಲೇ. ಆದರೆ ಯಾತ್ರಿಕರು ಬರುವುದು ಇವಾವುದಕ್ಕೂ ಅಲ್ಲ. ಊರಿನ ವಸ್ತುಸಂಗ್ರಹಾಲಯದ ಮಾಡಿನ ತುದಿಯಲ್ಲಿ ಗಾಳಿ ಬೀಸಿದತ್ತ ತಿರುಗುವ ದಿಕ್ಸೂಚಿಯೊಂದಿದೆ. ಬೇರೆ ಊರುಗಳಲ್ಲಿ ಆ ಸ್ಥಾನ ಹುಂಜಕ್ಕೆ ಮೀಸಲು. ಈಮ್‌ನಲ್ಲಿ ಅಲ್ಲಿ ಕುಳಿತಿರುವುದು ಇಲಿ!

1665ರಲ್ಲಿ ಲಂಡನ್ ನಗರ ಪ್ಲೇಗಿನ ಬಾಯಿಗೆ ಸಿಕ್ಕಿತ್ತು. ಈಮ್ ಅಲ್ಲಿಂದ ಬಹು ದೂರ. ಆ ವರ್ಷ ಸೆಪ್ಟೆಂಬರಿನ ಮೊದಲಲ್ಲಿ ಊರಿನ ದರ್ಜಿ ಅಲೆಕ್ಸಾಂಡರ್ ಹ್ಯಾಡ್‌ಫೀಲ್ಡನ ಮನೆಗೆ ಲಂಡನ್ನಿನಿಂದ ಬಟ್ಟೆಯ ಗಂಟೊಂದು ಬಂದಿತು. ಅವನ ಕೈಕೆಳಗಿದ್ದ ಜಾರ್ಜ್ ವಿಕರ್ಸ್ ಗಂಟು ಬಿಚ್ಚಿ ನೋಡಿದನು, ಬಟ್ಟೆ ತೇವವಾಗಿತ್ತು. ಒಣಗಲೆಂದು ಒಲೆಯ ಮುಂದೆ ಹರವಿದನು. ಬೆಂಕಿಯ ಕಾವಿಗೆ ಬಟ್ಟೆಯಲ್ಲಿದ್ದ ಚಿಗಟಗಳು ಎಚ್ಚೆತ್ತವೆಂದು ಈಗಿನವರು ಹೇಳುತ್ತಾರೆ. ಸೆಪ್ಟೆಂಬರ್ 7ರಂದು ವಿಕರ್ಸನನ್ನು ಮಣ್ಣುಮಾಡಿದರು. ಆಮೇಲೆ ಅದೇ ಮನೆಯ ಮಗು, ನೆರೆಮನೆ, ಎದುರುಮನೆ. ವರ್ಷ ಮುಗಿಯುವುದರೊಳಗೆ ನಲವತ್ತಕ್ಕೂ ಹೆಚ್ಚು ಮಂದಿ ಹೋಗಿಬಿಟ್ಟರು.

ಚಳಿಗಾಲದಲ್ಲಿ ಬೇನೆ ತಣ್ಣಗಾಯಿತು. ಬದುಕಿದೆವೆಂದು ಜನ ಉಸಿರುಬಿಟ್ಟರು. 1666ರ ಬೇಸಗೆ ಬಂದೊಡನೆ ಅದು ಮತ್ತೆ ಹೆಡೆಯೆತ್ತಿತು. ಊರಿನಲ್ಲಿ ಉಳ್ಳವರಾಗಿದ್ದ ಕೆಲವರು ಗಂಟುಮೂಟೆ ಕಟ್ಟಿ ಹೊರಟುಹೋದರು. ಉಳಿದವರೂ ಹೊರಡುವ ಯೋಚನೆಯಲ್ಲಿದ್ದರು. ಹೊರಟಿದ್ದರೆ ಬೇನೆಯೂ ಅವರ ಜೊತೆಯಲ್ಲೇ ಸುತ್ತಣ ಊರುಗಳಿಗೆ ಹೋಗುತ್ತಿತ್ತು.

ಇಲ್ಲಿ ಇಬ್ಬರು ಪಾದ್ರಿಗಳ ಮಾತು ಹೇಳಬೇಕು. ಥಾಮಸ್ ಸ್ಟ್ಯಾನ್ಲಿ ಐವತ್ತು ದಾಟಿದವನು, ಪ್ಯೂರಿಟನ್ ಪಂಥದವನು. ರಾಜಾಜ್ಞೆಯಂತೆ ಹೊಸ ಪ್ರಾರ್ಥನಾಗ್ರಂಥವನ್ನು ಒಪ್ಪದೆ 1662ರಲ್ಲಿ ಹುದ್ದೆ ಕಳೆದುಕೊಂಡಿದ್ದನು. ಜನರ ವಿಶ್ವಾಸ ಮಾತ್ರ ಅವನ ಮೇಲೆಯೇ ಇದ್ದಿತು. 1664ರಲ್ಲಿ ಅಲ್ಲಿಗೆ ನೇಮಕಗೊಂಡು ಬಂದವನು ವಿಲಿಯಂ ಮಾಂಪೆಸನ್. ಮೂವತ್ತು ತುಂಬದ ತರುಣ, ಹೆಂಡತಿ ಮತ್ತು ಇಬ್ಬರು ಎಳೆಯ ಮಕ್ಕಳು. ಹಳಬನಿಗೆ ಹೊಸಬನೆಂದರೆ ಆಗದು, ಹೊಸಬನ ಮಾತನ್ನು ಊರು ಕೇಳದು. ಇಂತಹ ಇಬ್ಬರು ಮನಸ್ತಾಪವನ್ನು ಬದಿಗಿಟ್ಟು ಒಂದಾದರು. ನನ್ನ ಮಟ್ಟಿಗೆ ಈ ಕಥೆಯಲ್ಲಿ ಎಲ್ಲಕ್ಕಿಂತ ಕಷ್ಟದ ಕೆಲಸ ಅದೇ ಎನ್ನಿಸುತ್ತದೆ.

ಅವರು ಜನರ ಮುಂದಿಟ್ಟ ಕಟ್ಟಳೆಗಳು ಮೂರು. ಸತ್ತವರನ್ನು ಇಗರ್ಜಿಯ ಅಂಗಳಕ್ಕೆ ತರದೆ, ಅವರವರ ಮನೆಯವರೇ ಹಿತ್ತಿಲಲ್ಲೋ ಹೊಲದಲ್ಲೋ ಹೂಳಬೇಕು. ಪ್ರಾರ್ಥನೆ ಇಗರ್ಜಿಯೊಳಗೆ ನಡೆಯದೆ ಕಕ್ಲೆಟ್ ಡೆಲ್ಫ್ ಎಂಬ ಕಣಿವೆಯ ಬಯಲಿನಲ್ಲಿ, ಕುಟುಂಬ ಕುಟುಂಬಕ್ಕೂ ಅಂತರವಿಟ್ಟು ನಡೆಯಬೇಕು. ಮೂರನೆಯದು, ಯಾರೂ ಊರಿನ ಎಲ್ಲೆಯನ್ನು ದಾಟಕೂಡದು. ಚ್ಯಾಟ್ಸ್‌ವರ್ತ್ ಅರಮನೆಯ ಡೆವನ್‌ಷೈರ್ ಪ್ರಭು ಆಹಾರವನ್ನೂ ಔಷಧಗಳನ್ನೂ ಕಳುಹಿಸಲು ಒಪ್ಪಿದನು. ನೆರೆಯ ಹಳ್ಳಿಯವರು ಎಲ್ಲೆಯಲ್ಲಿ ಸಾಮಾನಿಟ್ಟು ಹಿಂದಿರುಗುವರು. ಈಮ್‌ನವರು ಬಂದು ಹಣವಿಟ್ಟು ಒಯ್ಯುವರು. ಹಣದ ಮೂಲಕ ಬೇನೆ ಹರಡೀತೆಂದು ಕಲ್ಲಿನ ಕುಳಿಗಳಲ್ಲಿ ವಿನಿಗರ್ ತುಂಬಿ ನಾಣ್ಯಗಳನ್ನು ಅದರಲ್ಲಿ ಮುಳುಗಿಸಿಡುತ್ತಿದ್ದರು. ಊರಿನ ಉತ್ತರಕ್ಕೆ, ಗುಡ್ಡದ ಮೇಲಿನ ಹರಿಯುವ ಊಟೆಯೊಂದರಲ್ಲಿಯೂ ಹೀಗೆಯೇ ಹಣ ಇಡುತ್ತಿದ್ದರು. ಅದಕ್ಕೆ ಇಂದಿಗೂ ಮಾಂಪೆಸನ್ನನ ಬಾವಿ ಎಂದೇ ಹೆಸರು.

ಜುಲೈ ಬಂದಿತು, ಆಗಸ್ಟ್ ಬಂದಿತು. ಆಗಸ್ಟ್ ಒಂದರಲ್ಲೇ 78 ಸಾವು.

ಊರಿಂದ ಅರ್ಧ ಮೈಲಿಯ ಏರುದಾರಿ ನಡೆದರೆ ಬಯಲ ನಡುವೆ ದುಂಡನೆಯ ಕಲ್ಲುಗೋಡೆ ಕಾಣುತ್ತದೆ. ಒಳಗೆ ಜಾನ್ ಹ್ಯಾನ್‌ಕಾಕ್ ಮತ್ತು ಅವನ ಆರು ಮಕ್ಕಳ ಸ್ಮಾರಕಶಿಲೆಗಳು. ಆಗಸ್ಟ್ 3ರಿಂದ 10ರವರೆಗಿನ ಎಂಟು ದಿನಗಳಲ್ಲಿ ತಾಯಿ ಎಲಿಜಬೆತ್ ಈ ಏಳು ಮಂದಿಗೂ ತಾನೊಬ್ಬಳೇ ಗುಂಡಿ ತೋಡಿ ಮಣ್ಣುಮಾಡಿದಳು. ಹೆಣ ಹೊರಲು ಯಾರೂ ಬರುವಂತಿರಲಿಲ್ಲ. ಕಾಲಿಗೆ ವಸ್ತ್ರ ಕಟ್ಟಿ ಎಳೆದುಕೊಂಡು ಹೋಗುತ್ತಿದ್ದಳಂತೆ. ಎದುರುಗುಡ್ಡದ ಸ್ಟೋನಿ ಮಿಡಲ್ಟನ್ ಹಳ್ಳಿಯವರು ದೂರದಿಂದ ನೋಡುತ್ತ ನಿಂತಿದ್ದರೆಂದು ಪ್ರತೀತಿ. ಅವಳು ಮಾತ್ರ ಬದುಕಿ ಉಳಿದು, ಷೆಫೀಲ್ಡಿನಲ್ಲಿದ್ದ ಇನ್ನೊಬ್ಬ ಮಗನ ಬಳಿಗೆ ಹೊರಟುಹೋದಳು. ಆ ಗೋಡೆಯೊಳಗೆ ನಾನು ಬಹಳ ಹೊತ್ತು ನಿಲ್ಲಲಾರದೆ ಹೊರಬಂದೆನು. ಆಚೆಯ ಹೊಲದಲ್ಲಿ ಕುರಿಗಳು ಮೇಯುತ್ತಿದ್ದವು.

ಮಾಂಪೆಸನ್ ತನ್ನ ಮಕ್ಕಳಿಬ್ಬರನ್ನೂ ಮೊದಲೇ ಯಾರ್ಕ್‌ಷೈರಿಗೆ ಕಳುಹಿಸಿಬಿಟ್ಟಿದ್ದನು. ಪರರ ಮಕ್ಕಳನ್ನು ಊರೊಳಗೆ ನಿಲ್ಲಿಸಿದವನು ತನ್ನವರನ್ನು ಹೊರಗೆ ದಾಟಿಸಿದ್ದು ನ್ಯಾಯವೇ ಎಂದು ಕೇಳುವವರು ಉಂಟು. ಕೇಳುವುದು ತಪ್ಪೂ ಅಲ್ಲ. ಹೆಂಡತಿ ಕ್ಯಾಥರಿನ್ ಮಾತ್ರ ಗಂಡನನ್ನು ಬಿಟ್ಟು ಹೋಗಲೊಲ್ಲದೆ ನಿಂತಳು. ಆಗಸ್ಟ್ 25ರಂದು ಅವಳೂ ತೀರಿಕೊಂಡಳು. ಇಗರ್ಜಿಯ ಅಂಗಳದಲ್ಲಿ, ಆ ಹಳೆಯ ಶಿಲುಬೆಯ ಸಮೀಪದಲ್ಲಿ ಅವಳ ಸಮಾಧಿಯಿದೆ.

ಇಷ್ಟು ಘೋರದ ನಡುವೆಯೂ ಊರಿನ ನಾಲಗೆ ನಗುವ ಕಥೆಗಳನ್ನು ಉಳಿಸಿಕೊಂಡಿದೆ. ಮಾರ್ಷಲ್ ಹೋ ಎಂಬ ಗಟ್ಟಿಗನಿದ್ದನು. ಒಮ್ಮೆ ಬೇನೆ ಬಿದ್ದು ಎದ್ದ ಧೈರ್ಯದಿಂದ, ದಿಕ್ಕಿಲ್ಲದ ಹೆಣಗಳನ್ನು ಹೂಳುವ ಕೆಲಸವನ್ನು ತಾನೇ ವಹಿಸಿಕೊಂಡನು. ಕೂಲಿಗೆ ಸತ್ತವರ ಬಟ್ಟೆಬರೆ, ಪಾತ್ರೆಪಡಗ. ಒಮ್ಮೆ ಅನ್ವಿನ್ ಎಂಬವನನ್ನು ಹೆಣವೆಂದು ಹೆಗಲಿಗೇರಿಸಿ ಮೆಟ್ಟಿಲಿಳಿಯುತ್ತಿರಲು, ಹೆಣವು ಬಾಯಿಬಿಟ್ಟು ಕುಡಿಯಲು ಬಿಸಿಹಾಲು ಕೇಳಿತಂತೆ! ಅನ್ವಿನ್ ಬದುಕಿಕೊಂಡನಂತೆ. ಹೋ ಹೊತ್ತು ತಂದ ಲಾಭದ ಜೊತೆಗೆ ಬೇನೆಯೂ ಅವನ ಮನೆಗೆ ಬಂದು ಹೆಂಡತಿಯನ್ನೂ ಮಗನನ್ನೂ ಒಯ್ದಿತೆನ್ನುವಾಗ ಹೇಳುವವರ ದನಿ ತಗ್ಗುತ್ತದೆ.

1666ರ ನವೆಂಬರ್ 1ರಂದು ಕೊನೆಯ ಸಾವು. ಹದಿನಾಲ್ಕು ತಿಂಗಳಲ್ಲಿ ಸತ್ತವರು 260 ಮಂದಿ. ಊರಿನಲ್ಲಿ ಆಗ ಇದ್ದವರೇ 350 ಜನವೆಂದು ಹಿಂದೆ ಹೇಳುತ್ತಿದ್ದರು. ಅದರ ಇಮ್ಮಡಿಯಷ್ಟಾದರೂ ಇದ್ದರೆಂಬುದು ಈಗಿನ ಸಂಶೋಧಕರ ಲೆಕ್ಕ. ಹಾಗಾದರೂ ಮೂವರಲ್ಲಿ ಒಬ್ಬರು ಹೋದಂತಾಯಿತು.

ಈ ಸಂಗತಿಗಳನ್ನು ಓದುತ್ತ ಓದುತ್ತ ನನಗೆ ನೆನಪಾದದ್ದು ನಮ್ಮ ಮನೆಯ ಹಿರಿಯರ ಬಾಯಲ್ಲಿ ಉಳಿದುಬಂದಿದ್ದ ಎರಡು ಮಾತು: “ಇಲಿ ಬಿತ್ತು.” ಮನೆಯ ಜಂತೆಯಿಂದ ಇಲಿ ಸತ್ತು ಬಿತ್ತೆಂದರೆ ಮುಗಿಯಿತು, ಊರಿಗೆ ಊರೇ ಮನೆಗಳಿಗೆ ಬೀಗ ಹಾಕಿ, ತೋಟದಲ್ಲೋ ಬಯಲಲ್ಲೋ ಜೋಪಡಿ ಹೂಡಿ ತಿಂಗಳುಗಟ್ಟಲೆ ಕಳೆಯುತ್ತಿತ್ತು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ರೈಲಿನಲ್ಲಿ ಬಂದಿತು. ಹಳೆಯ ಪೇಟೆಯ ಇಕ್ಕಟ್ಟನ್ನು ಬಿಟ್ಟು ಜನ ಮಲ್ಲೇಶ್ವರ, ಬಸವನಗುಡಿಗಳಲ್ಲಿ ನೆಲೆಸಲು ಆ ಮಾರಿಯೂ ಒಂದು ಕಾರಣ. ಪ್ಲೇಗಮ್ಮನ ಗುಡಿಗಳು ನಮ್ಮಲ್ಲಿ ಇಂದಿಗೂ ಇವೆ. ಅದೇ 1898ರಲ್ಲಿ ಕರಾಚಿಯಲ್ಲಿ ಪಾಲ್ ಲೂಯಿ ಸೀಮೋನ್ ಎಂಬ ಫ್ರೆಂಚ್ ವೈದ್ಯನು, ಇಲಿಯಿಂದ ಬೇನೆಯನ್ನು ಹೊತ್ತು ತರುವುದು ಚಿಗಟವೆಂದು ತೋರಿಸಿಕೊಟ್ಟನು. ಇಲಿಗೂ ಬೇನೆಗೂ ಇರುವ ನಂಟು ನಮ್ಮ ಅಜ್ಜಿಯರಿಗೆ ಕಣ್ಣಳತೆಯಲ್ಲೇ ತಿಳಿದಿತ್ತು. ಈಮ್‌ನವರಿಗೆ ತಿಳಿದಿರಲಿಲ್ಲ.

ಹಾಗಿದ್ದರೆ ಅವರು ಊರೊಳಗೇ ನಿಂತದ್ದು ವ್ಯರ್ಥವಾಯಿತೇ? ನಮ್ಮವರಂತೆ ಎಲ್ಲರೂ ಬಯಲಿಗೆ ಹೊರಟಿದ್ದರೆ ಹೆಚ್ಚು ಜನ ಬದುಕುತ್ತಿದ್ದರೇ? ಈ ಪ್ರಶ್ನೆಯನ್ನು ನಾನು ದಾರಿಯುದ್ದಕ್ಕೂ ಹೊತ್ತು ತಿರುಗಿದೆನು. ವಸ್ತುಸ್ಥಿತಿ ಅಷ್ಟು ಸರಳವಲ್ಲ. 2016ರಲ್ಲಿ ವಿಟಲ್ಸ್ ಮತ್ತು ಡಿಡೆಲೋ ಎಂಬ ಇಬ್ಬರು ಸಂಶೋಧಕರು ಇಗರ್ಜಿಯ ದಫ್ತರದ ಒಂದೊಂದು ಸಾವನ್ನೂ ಲೆಕ್ಕಕ್ಕೆ ಹಿಡಿದು ನೋಡಿ, ಇಲಿಗಳ ಕಡೆಯಿಂದ ಬಂದದ್ದು ಕಾಲು ಪಾಲು ಮಾತ್ರ, ಮುಕ್ಕಾಲು ಪಾಲು ಮನುಷ್ಯರಿಂದ ಮನುಷ್ಯರಿಗೆ, ಅದರಲ್ಲಿಯೂ ಮನೆಮಂದಿಯ ನಡುವೆಯೇ ಹರಡಿತೆಂದು ತೋರಿಸಿದರು. ಹಾಗೆಂದ ಮೇಲೆ ಊರು ಬಿಟ್ಟು ಚದುರಿದವರು ಬೇನೆಯನ್ನೂ ಚದುರಿಸುತ್ತಿದ್ದರು. ಇನ್ನು ಕೆಲವು ಇತಿಹಾಸಕಾರರು, ಈ ತ್ಯಾಗದ ಕಥೆಗೆ ಈಗಿನ ಹೊಳಪು ಬಂದದ್ದು ನಂತರದ ಲೇಖಕರಿಂದ ಎನ್ನುತ್ತಾರೆ. ಹಣವಿದ್ದವರು ಹೋದರು, ಹೋಗಲು ಠಾವಿಲ್ಲದವರು ಉಳಿದರು ಎಂದೂ ನೆನಪಿಸುತ್ತಾರೆ. ಅದೂ ನಿಜವಿರಬೇಕು. ಆದರೆ ಸೀಸದ ಗಣಿಯಲ್ಲಿ ದುಡಿದು, ಸುತ್ತಲಿನ ಗುಡ್ಡಗಳ ಕಳ್ಳದಾರಿಗಳನ್ನೆಲ್ಲ ಬಲ್ಲ ಜನರನ್ನು ಇಬ್ಬರು ಪಾದ್ರಿಗಳು ಬರಿಯ ಬಾಯಿಮಾತಿನಿಂದ ಕಟ್ಟಿಹಾಕಲಾರರು. ಎಲಿಜಬೆತ್ ಹ್ಯಾನ್‌ಕಾಕಳ ಮನೆಯಿಂದ ಸ್ಟೋನಿ ಮಿಡಲ್ಟನ್ ಕಣ್ಣಿಗೆ ಕಾಣುವಷ್ಟು ಹತ್ತಿರ; ಕತ್ತಲಲ್ಲಿ ಇಳಿದು ಹೋಗಬಹುದಾಗಿತ್ತು.

ಬೇನೆ ನಿಂತ ಮೇಲೆ ಮಾಂಪೆಸನ್ ನಾಟಿಂಗ್‌ಹ್ಯಾಮ್ ಸೀಮೆಯ ಈಕ್ರಿಂಗ್ ಎಂಬ ಊರಿಗೆ ವರ್ಗವಾಗಿ ಹೋದನು. ಅಲ್ಲಿನವರು ಪ್ಲೇಗಿನ ಊರಿಂದ ಬಂದವನೆಂದು ಹೆದರಿ ಮೊದಮೊದಲು ಒಳಗೆ ಬಿಟ್ಟುಕೊಳ್ಳದೆ, ಅವನು ಊರ ಹೊರಗೆ ಗುಡಿಸಲಲ್ಲಿದ್ದು ಮರದಡಿ ಉಪದೇಶ ಮಾಡಬೇಕಾಯಿತಂತೆ. ಸ್ಟ್ಯಾನ್ಲಿ ಈಮ್‌ನಲ್ಲಿಯೇ ಉಳಿದು 1670ರಲ್ಲಿ ಕಣ್ಣು ಮುಚ್ಚಿದನು.

ನಾನು ಹೋದ ವಾರ ಊರಿಗೆ ಹಬ್ಬ. ಆಗಸ್ಟಿನ ಕೊನೆಯ ಭಾನುವಾರವನ್ನು ಅಲ್ಲಿ ಪ್ಲೇಗಿನ ಭಾನುವಾರವೆಂದು ಆಚರಿಸುತ್ತಾರೆ. 1866ರಲ್ಲಿ, ಇನ್ನೂರು ವರ್ಷ ತುಂಬಿದಾಗ ಪ್ರಾರಂಭವಾದ ಪದ್ಧತಿ. ಕ್ಯಾಥರಿನ್ನಳ ಸಮಾಧಿಗೆ ಹೂವಿರಿಸುತ್ತಾರೆ. ಕಕ್ಲೆಟ್ ಡೆಲ್ಫಿನ ಬಯಲಿನಲ್ಲಿಯೇ ಪ್ರಾರ್ಥನೆ. ಆ ವಾರದಲ್ಲಿ ಊರಿನ ಬಾವಿಗಳಿಗೆ ಅಲಂಕಾರವೂ ಉಂಟು. ಡಾರ್ಬಿಷೈರಿನ ಈ ಕಲೆಯನ್ನು ನಮ್ಮ ಹೆಣ್ಣುಮಕ್ಕಳು ನೋಡಬೇಕಾದದ್ದು. ದೊಡ್ಡ ಮರದ ಹಲಗೆಗಳನ್ನು ನೀರಿನಲ್ಲಿ ನೆನೆಸಿ, ಉಪ್ಪು ಬೆರೆಸಿದ ಜೇಡಿಮಣ್ಣನ್ನು ಮೆತ್ತುತ್ತಾರೆ. ಕಾಗದದ ಮೇಲಿನ ಚಿತ್ರವನ್ನು ಸೂಜಿಯಿಂದ ಚುಚ್ಚಿ ಮಣ್ಣಿಗೆ ಇಳಿಸಿ, ಬೀಜಗಳಿಂದ ಗೆರೆ ಕಟ್ಟಿ, ನಡುವೆ ಹೂವಿನ ಎಸಳುಗಳನ್ನು ಒಂದೊಂದಾಗಿ ಒತ್ತುತ್ತಾರೆ. ಎಸಳುಗಳನ್ನು ಕೆಳಗಿನಿಂದ ಮೇಲಕ್ಕೆ, ಹೆಂಚು ಹೊದಿಸಿದಂತೆ ಒಂದರ ಮೇಲೊಂದು ಬರುವಂತೆ ಕೂರಿಸಬೇಕು. ಇಲ್ಲವಾದರೆ ಮಳೆನೀರು ಒಳಗಿಳಿದು ಕೆಲಸವೆಲ್ಲ ಕೆಡುತ್ತದೆ. ನಾಲ್ಕು ದಿನ ಕುಳಿತು ಮಾಡಿದ್ದು ಒಂದು ವಾರಕ್ಕೆ ಬಾಡಿಹೋಗುತ್ತದೆ. ಒಂದು ಹಲಗೆಯ ಮುಂದೆ ಕೈಚೀಲ ಹಿಡಿದು ನಿಂತಿದ್ದವಳನ್ನು ನೋಡಿದರೆ, ಬಸ್ಸಿನಲ್ಲಿ ನನ್ನ ಉಚ್ಚಾರಣೆಯನ್ನು ತಿದ್ದಿದ ಅಜ್ಜಿ! “ನಿಮ್ಮ ದೇಶದಲ್ಲಿ ಇಂತಹುದು ಉಂಟೇ?” ಎಂದು ಕೇಳಿದಳು. ನಾನು ರಂಗೋಲಿಯ ವಿಷಯ ಹೇಳಿದೆನು. ದಿನಬೆಳಗಾದರೆ ಅಳಿಸಿ ಮತ್ತೆ ಹಾಕುತ್ತೇವೆಂದಾಗ, “ಅಯ್ಯೋ ದೇವರೇ, ಪ್ರತಿದಿನವೇ!” ಎಂದು ತನ್ನ ಸೊಂಟದ ಮೇಲೆ ಕೈಯಿಟ್ಟುಕೊಂಡಳು.

ಮರಳುವಾಗ ಬಸ್ಸಿಗೆ ಕಾಯದೆ ಸ್ಟೋನಿ ಮಿಡಲ್ಟನ್ನಿನ ಕಡೆಗೆ ಹೊಲದ ಕಾಲುದಾರಿಯಲ್ಲಿ ಇಳಿದೆನು. ನಡುದಾರಿಯಲ್ಲಿ ಎಲ್ಲೆಯ ಕಲ್ಲು ಸಿಕ್ಕಿತು. ಮಂಡಿಯೆತ್ತರಕ್ಕೂ ಬಾರದ ಸಾಧಾರಣ ಬಂಡೆ; ಮೇಲ್ಮೈಯಲ್ಲಿ ಆರು ಕುಳಿಗಳು. ಎಷ್ಟೋ ಬೆರಳುಗಳು ಸವರಿ ಅಂಚು ನುಣುಪಾಗಿದೆ. ಹಿಂದಿನ ದಿನದ ಮಳೆನೀರು ಅವುಗಳಲ್ಲಿ ನಿಂತಿತ್ತು. ಒಂದರಲ್ಲಿ ಯಾರೋ ಇಟ್ಟುಹೋಗಿದ್ದ ಎರಡು ತಾಮ್ರದ ಪೆನ್ನಿಗಳು. ನಾನೂ ಜೇಬಿನಲ್ಲಿ ಹುಡುಕಿದೆನು; ಸಿಕ್ಕಿದ್ದು ನಮ್ಮ ಒಂದು ರೂಪಾಯಿ. ಅದನ್ನು ನೀರಿನಲ್ಲಿ ಬಿಟ್ಟು, ಕೆಳಗಿನ ಊರಿನಲ್ಲಿ ಬಸ್ಸು ತಪ್ಪೀತೆಂದು ಬೇಗಬೇಗ ಹೆಜ್ಜೆ ಹಾಕಿದೆನು.