ಕಣ್ಣಿ

ಇಂಗ್ಲಿಷಿನವರು ಯಂತ್ರಗಳ ಹಿಂದೆ ಎಷ್ಟು ದೂರ ಹೋದರೂ ಕೊಟ್ಟಿಗೆಯನ್ನು ಮರೆತಿಲ್ಲವೆಂಬುದು ನನಗೆ ಸಂತೋಷದ ಸಂಗತಿ. ಪ್ರಯಾಣದಲ್ಲಿ ಜೇಬಿನ ಫೋನಿನಿಂದ ತೊಡೆಯ ಮೇಲಿನ ಲ್ಯಾಪ್‌ಟಾಪಿಗೆ ಅಂತರ್ಜಾಲ ಹಾಯಿಸುವ ಕ್ರಮಕ್ಕೆ ಅವರಿಟ್ಟ ಹೆಸರು 'ಟೆದರಿಂಗ್'. ದನವನ್ನು ಹಗ್ಗದಿಂದ ಗೂಟಕ್ಕೆ ಕಟ್ಟುವುದೆಂದು ಆ ಮಾತಿನ ಮೂಲಾರ್ಥ. ಆ ಹಗ್ಗಕ್ಕೆ ನಮ್ಮಲ್ಲಿ ಕಣ್ಣಿ ಎನ್ನುತ್ತಾರೆ. ಮೊಬೈಲಿಗೆ ಜಂಗಮವಾಣಿಯೆಂದು ನಾಮಕರಣ ಮಾಡಿದ ನಾವು ಇದನ್ನು 'ಕಣ್ಣಿ ಹಾಕುವುದು' ಎಂದು ಕರೆದರೆ ಯಾರ ಗಂಟು ಹೋಗುತ್ತದೆ?

ಹೋಲಿಕೆ ಹೆಸರಿಗಷ್ಟೇ ನಿಲ್ಲುವುದಿಲ್ಲ. ಫೋನು ಹಸು, ಲ್ಯಾಪ್‌ಟಾಪು ಕರು. ಹಸು ಗೋಪುರದಿಂದ ಗೋಪುರಕ್ಕೆ ಮೇಯುತ್ತ ಸಾಗುತ್ತದೆ. ಕರು ಕೂತಲ್ಲೇ ಕುಡಿಯುತ್ತದೆ. ಅತ್ತ ಗೋಪುರದೊಡನೆ ಮಾತಾಡುತ್ತ, ಇತ್ತ ವೈಫೈ ಅಲೆಗಳನ್ನೂ ತಾನೇ ಹರಡಬೇಕಾದ್ದರಿಂದ ಫೋನಿನ ಬ್ಯಾಟರಿ ಬೇಗ ಸೊರಗುತ್ತದೆ. 'ಹಾಟ್‌ಸ್ಪಾಟ್' ಎಂಬ ಹೆಸರಿನ ಅರ್ಥವನ್ನು ಅಂಗೈಗೆ ಬೇರೆ ಹೇಳಿಕೊಡಬೇಕಾಗಿಲ್ಲ. ಯುಎಸ್‌ಬಿ ತಂತಿಯಲ್ಲಿ ಕಟ್ಟಿದರೆ ಈ ಸಂಕಟ ಕಡಿಮೆ. ಹಾಲನ್ನು ಒಯ್ಯುವ ತಂತಿಯೇ ಲ್ಯಾಪ್‌ಟಾಪಿನಿಂದ ಹಸುವಿಗೆ ಹಿಂಡಿಯನ್ನೂ ತಂದುಹಾಕುತ್ತದೆ. ಬ್ಲೂಟೂತಿನದು ಬಲು ಸಣ್ಣ ಧಾರೆ. ಹಸುವಿಗೆ ದಣಿವೂ ಅಷ್ಟಿಲ್ಲ.

ಕರುವಿನ ಹೊಟ್ಟೆಬಾಕತನವೇ ಬೇರೊಂದು ಕಥೆ. ವೈಫೈ ಕಂಡೊಡನೆ ಲ್ಯಾಪ್‌ಟಾಪು ತಾನು ಮನೆಯಲ್ಲಿದ್ದೇನೆಂದೇ ಬಗೆಯುತ್ತದೆ. ನಮಗಿರುವುದು ದಿನಕ್ಕೆ ಒಂದೂವರೆ ಜಿಬಿ ಪಡಿ ಎಂದು ಅದಕ್ಕೇನು ಗೊತ್ತು? ನಾವು ಎರಡು ಸಾಲಿನ ಪತ್ರ ಬರೆಯುವಷ್ಟರಲ್ಲಿ ಅದು ಒಳಗಿಂದೊಳಗೇ ತನ್ನನ್ನು ನವೀಕರಿಸಿಕೊಳ್ಳತೊಡಗುತ್ತದೆ. ವಿಂಡೋಸಿನ ಸೆಟ್ಟಿಂಗ್ಸಿನಲ್ಲಿ 'ಇದು ಅಳತೆಯ ಸಂಪರ್ಕ' ಎಂದು ಗುರುತು ಮಾಡಿಟ್ಟರೆ ಬಾಯಿಗೆ ಕುಕ್ಕೆ ಕಟ್ಟಿದಂತೆ.

ಒಮ್ಮೆ ಬೆಂಗಳೂರಿನಿಂದ ಮಂಗಳೂರಿಗೆ ಹಗಲು ರೈಲಿನಲ್ಲಿ ಹೋಗುತ್ತಿದ್ದೆ. ಘಟ್ಟ ಇಳಿಯುವ ಮುನ್ನ ಬ್ರೇಕು ಪರೀಕ್ಷೆಗೆಂದು ಗಾಡಿ ಸಕಲೇಶಪುರದಲ್ಲಿ ನಿಂತಿತು. ಮುಂದೆ ಸುಬ್ರಹ್ಮಣ್ಯ ರೋಡಿನವರೆಗೆ 57 ಸುರಂಗಗಳು. ಹಳಿ ಬದಲಿಸಲು 1996ರಲ್ಲಿ ಮುಚ್ಚಿದ ಈ ಮಾರ್ಗ ಪ್ರಯಾಣಿಕರಿಗೆ ಮತ್ತೆ ತೆರೆದದ್ದು 2007ರಲ್ಲಿ. ಆ ಕಾಡಿನಲ್ಲಿ ಸಿಗ್ನಲ್ ಸಿಕ್ಕರೆ ಪೂರ್ವಜನ್ಮದ ಪುಣ್ಯ.

ಎದುರಿಗೆ ಕೂತಿದ್ದ ಹುಡುಗನ ಮುಖ ಬಾಡಿತ್ತು. ಕೆಲಸಕ್ಕೆ ಅರ್ಜಿ, ಪ್ರಮಾಣಪತ್ರಗಳೆಲ್ಲ ಲ್ಯಾಪ್‌ಟಾಪಿನಲ್ಲಿವೆ, ಗಡುವು ಎರಡು ಗಂಟೆ, ಆಗಲೇ ಹನ್ನೆರಡೂವರೆ. ಅವನ ಫೋನಿನ ಅಂದಿನ ಪಡಿ ತೀರಿ ಆಮೆಯ ನಡಿಗೆಗೆ ಇಳಿದಿತ್ತು. ವಯಸ್ಸಿನ ಮಿತಿಯಂತೆ ಅವನಿಗೆ ಇದೇ ಕೊನೆಯ ವರ್ಷ.

"ಸಾರ್, ಐದು ನಿಮಿಷ ಹಾಟ್‌ಸ್ಪಾಟ್ ಕೊಡ್ತೀರಾ?"

ಹಿಂದೆ ನೆರೆಮನೆಗೆ ಕೆಂಡ ಕೇಳಲು ಹೋಗುತ್ತಿದ್ದರಲ್ಲ, ಅದೇ ಸಂಕೋಚ ಆ ದನಿಯಲ್ಲಿತ್ತು. ಅಪರಿಚಿತರು ನಮ್ಮ ಸಂಪರ್ಕದಲ್ಲಿ ಏನು ಮಾಡಿದರೂ ಅದು ನಮ್ಮ ಲೆಕ್ಕಕ್ಕೇ ಬೀಳುತ್ತದೆ, ನಿಜ. ಆದರೆ ಎದುರಿಗೆ ಆ ಮುಖವಿತ್ತು.

ಗುಪ್ತಪದ ಎಂಟು ಅಕ್ಷರಕ್ಕೆ ಕಡಿಮೆಯಾಗಬಾರದೆಂದು ನಿಯಮ. ಇಂಗ್ಲಿಷ್ ಲಿಪಿಯಲ್ಲಿ ರನ್ನ ಐದಕ್ಷರಕ್ಕೇ ಮುಗಿದುಹೋಗುತ್ತಾನೆ. ಆದ್ದರಿಂದ ನಾನು ಆಗ ಇಟ್ಟುಕೊಂಡಿದ್ದುದು 'ಗದಾಯುದ್ಧ'.

"ಎಷ್ಟು 'ಡಿ' ಸಾರ್?" ಎಂದ. ರನ್ನನ ವಿಷಯದಲ್ಲಿ ಇಂಥ ಪ್ರಶ್ನೆಯನ್ನು ನನ್ನ ಯಾವ ವಿದ್ಯಾರ್ಥಿಯೂ ಕೇಳಿರಲಿಲ್ಲ. ಮೂರು ಎಂದೆ.

ಭಾವಚಿತ್ರ ಹೋಯಿತು, ಸಹಿ ಹೋಯಿತು. ಗಾಡಿ ಹೊರಟಿತು. ಶುಲ್ಕ ಕಟ್ಟುವ ಪುಟದಲ್ಲಿ ಚಕ್ರ ಸುತ್ತತೊಡಗಿತು. ಸಿಗ್ನಲ್ಲಿನ ಕಡ್ಡಿಗಳು ನಾಲ್ಕು ಇದ್ದುದು ಮೂರಾದವು, ಆಮೇಲೆ ಒಂದೇ ಉಳಿಯಿತು. ಪಕ್ಕದ ಅಜ್ಜಿ, ವಿಷಯ ತಿಳಿಯದಿದ್ದರೂ, ಕೈಮುಗಿದು ಕೂತರು. ಮೊದಲ ಸುರಂಗದ ಕತ್ತಲೆ ಬೋಗಿಯೊಳಕ್ಕೆ ನುಗ್ಗಿದಾಗ ಪರದೆಯ ಮೇಲೆ ಅರ್ಜಿಯ ಸಂಖ್ಯೆ ಮೂಡಿತ್ತು. ಹುಡುಗ ಅದನ್ನು ಕಂಪ್ಯೂಟರಿನ ಜವಾಬ್ದಾರಿಗೆ ಬಿಡದೆ ನನ್ನ ಪೆನ್ನು ಇಸಿದುಕೊಂಡು ಅಂಗೈ ಮೇಲೆ ಬರೆದುಕೊಂಡ.

"ಎಷ್ಟು ಡೇಟಾ ಆಯ್ತು ಸಾರ್? ದುಡ್ಡು ಕೊಡ್ತೀನಿ."

ನೋಡಿದೆ. ಐದು ಎಂಬಿ ಕೂಡ ತುಂಬಿರಲಿಲ್ಲ. ಲ್ಯಾಪ್‌ಟಾಪು ಒಂದು ನವೀಕರಣಕ್ಕೆ ಕುಡಿಯುವ ಹಾಲಿನ ನೊರೆಯಷ್ಟೂ ಅಲ್ಲ.

"ಒಂದು ಕಾಫಿ ಕೊಡಿಸಪ್ಪ" ಎಂದೆ. ಸುಬ್ರಹ್ಮಣ್ಯ ರೋಡಿನವರೆಗೂ ಕಾಫಿಯವನು ನಮ್ಮ ಬೋಗಿಗೆ ಬರಲಿಲ್ಲ.